ಎಳೆಯುವ ಪೈಪು, ನೂಕುವ ಪೈಪು

ನನ್ನ ಗಂಡನ ಅಣ್ಣನನ್ನು ನಾನು ಬಾಯಲ್ಲಿ ಯಾವಾಗಲೂ ‘ಭಾವನವರು’ ಎಂದೇ ಕರೆದಿದ್ದೇನೆ. ಮನಸ್ಸಿನಲ್ಲಿ ಒಮ್ಮೆಯೂ ಆ ‘ಅವರು’ ಸೇರಿಸಿಲ್ಲ. ಇಲ್ಲಿ ಬರೆಯುತ್ತಿರುವುದು ಮನಸ್ಸಿನ ಮಾತು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ನನಗೆ ಬಂದಷ್ಟಂತೂ ಬರಲಾರದು.

ಎಪ್ಪತ್ತರ ದಶಕದ ನಡುವಿನ ಮಾತು. ಊರಿಗೆ ಆಗ ಬಿಜಾಪುರ ಎಂದೇ ಹೆಸರು. ಸೊಲ್ಲಾಪುರ ರಸ್ತೆಯಲ್ಲಿ ನಮ್ಮದು ಪಂಪು, ಪೈಪುಗಳ ಅಂಗಡಿ. ಅಲ್ಲಿಂದ ಸ್ವಲ್ಪ ಒಳಗೆ, ಓಣಿಯಲ್ಲಿ ಮನೆ. ಆ ವರ್ಷಗಳಲ್ಲಿ ತಿಕೋಟಾ, ಬಬಲೇಶ್ವರದ ಕಡೆ ಒಂದಿಷ್ಟು ಹೊಲ ಇದ್ದವರೆಲ್ಲ ಬಾವಿ ತೋಡಿ ಇಂಜಿನ್ನು ಕೂರಿಸುತ್ತಿದ್ದರು. ಭಾವ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದ. ನಮ್ಮವರು ಕಾರಿನ ತಲೆಯ ಮೇಲೆ ಪೈಪಿನ ಸುರುಳಿ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋಗಿ, ಬಾವಿ ನೋಡಿ, ಆಳ ಅಳೆದು, ಇಂಜಿನ್ನಿಗೆ ಏನು ಬೇಕು ಎಂದು ಹೇಳಿ ಕೊಟ್ಟು ಬರುತ್ತಿದ್ದರು. ರೈತರಿಗೆ ಗುರುತಿದ್ದದ್ದು ನಮ್ಮವರು. ಗಾದಿಯ ಮೇಲೆ ಕೂತವನ ಮುಖ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಅದೇ ಅವನ ಹೊಟ್ಟೆಯುರಿ.

ಕಾರು ನಮ್ಮ ಮಾವನವರು ಬದುಕಿದ್ದಾಗ ಸೊಲ್ಲಾಪುರದ ಗಿರಣಿಯ ಯಾರೋ ದೊಡ್ಡ ಮನುಷ್ಯರಿಂದ ಕೊಂಡ ಹಳೆಯ ವಿದೇಶಿ ಗಾಡಿ. ಎಮ್ಮೆಯಷ್ಟು ಅಗಲ, ಎಮ್ಮೆಯಷ್ಟೇ ಹಟ. ಅದರ ಬ್ರೇಕು ಊರಿನ ಉಳಿದ ಕಾರುಗಳ ಹಾಗಲ್ಲ. ಬಾನೆಟ್ಟು ಎತ್ತಿದರೆ ಬೋಗುಣಿ ಬೋರಲು ಹಾಕಿದಂಥ ಒಂದು ತಗಡಿನ ಡಬ್ಬಿ ಕಾಣುತ್ತಿತ್ತು. ಮಿಸ್ತ್ರಿಗಳು ಅದಕ್ಕೆ ಬೂಸ್ಟರ್ ಅನ್ನುತ್ತಿದ್ದರು. ಇಂಜಿನ್ನು ಓಡುವಾಗ ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪಿನ ಮೂಲಕ ಆ ಡಬ್ಬಿಯೊಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಆ ಹೀರುವ ಬಲ ಓಡಿಸುವವನ ಕಾಲಿನ ಜೊತೆ ಸೇರಿ ಬ್ರೇಕನ್ನು ಒತ್ತುತ್ತದೆ. ಗಾಳಿ ಎಲ್ಲಾದರೂ ಸೋರಿದರೆ, ಹೀರುವುದು ಕಡಿಮೆಯಾದರೆ, ಪೆಡಲು ಕಲ್ಲಾಗುತ್ತದೆ. ಇದನ್ನೆಲ್ಲ ನಾನು ಮದುವೆಯಾಗಿ ಬಂದಾಗ ತಿಳಿದಿರಲಿಲ್ಲ. ತಿಳಿಯುವ ಹಾಗೆ ಆ ಮನೆಯವರೇ ಮಾಡಿದರು.

ಇನ್ನೊಂದು ಹೇಳಬೇಕು. ನಮ್ಮ ಮನೆಯಲ್ಲಿ ಗಂಡನ ಅಣ್ಣನ ಎದುರು ಸೊಸೆ ನಿಂತು ಮಾತಾಡುವ ಹಾಗಿರಲಿಲ್ಲ. ಏನಿದ್ದರೂ ಅತ್ತೆಯ ಮುಖಾಂತರ. ಅತ್ತೆ ಇಲ್ಲದಿದ್ದರೆ ಗೋಡೆಗೋ ಕಂಬಕ್ಕೋ ಹೇಳಿದ ಹಾಗೆ ಹೇಳಬೇಕು, ಅವನು ಅದನ್ನು ಕೇಳಿಸಿಕೊಳ್ಳಬೇಕು. ಆ ಮನೆಯ ಗೋಡೆಗಳಿಗೆ ನಾನು ಬೈದಷ್ಟು ಯಾವ ಮನುಷ್ಯರಿಗೂ ಬೈದಿಲ್ಲ.

ಆ ಚಳಿಗಾಲದಲ್ಲಿ ನಮ್ಮವರಿಗೆ ಟೈಫಾಯಿಡ್ ಆಯಿತು. ಜ್ವರ ಬಿಟ್ಟಾಗ ಮನುಷ್ಯ ಅರ್ಧ ಆಗಿದ್ದರು. ಕೂದಲು ಉದುರಿ, ಕೆನ್ನೆ ಒಳಗೆ ಹೋಗಿ, ಅಂಗಿ ಮೊಳೆಗೆ ತೂಗುಹಾಕಿದಂತೆ ಕಾಣುತ್ತಿತ್ತು. ಆದರೂ ಬಿಸಿಲು ಚುರುಗುಟ್ಟುವ ಹೊತ್ತಿಗೆ ಚೇತರಿಸಿಕೊಂಡು, ನನ್ನ ಕಣ್ಣೆದುರೇ ಎರಡು ಕೊಡ ನೀರು ಎತ್ತಿ ತೋರಿಸಿ, ಕಾರಿನ ಚಾವಿ ಕೇಳಿದರು. ಭಾವ ಚಾವಿ ಕೊಟ್ಟ. ಮೊದಲ ಸುತ್ತಿಗೆ ತಿಕೋಟಾಕ್ಕೆ ಹೊರಟಾಗ ನಾನೂ ಹೋದೆ. ಅಲ್ಲಿ ನನ್ನ ಸೋದರತ್ತೆಯ ಮನೆ ಇತ್ತು, ನೆಪ ಸಾಕಾಯಿತು.

ಬೆಳಗ್ಗೆ ಹೋಗುವಾಗ ಏನೂ ಇಲ್ಲ. ಕೆಲಸ ಮುಗಿಸಿ, ಊಟ ಮಾಡಿ, ಸುಡುಸುಡು ಮಧ್ಯಾಹ್ನ ಹಿಂತಿರುಗುವಾಗ ಇಟ್ಟಂಗಿಹಾಳದ ಹತ್ತಿರ ಕುರಿಯ ಹಿಂಡು ರಸ್ತೆ ದಾಟುತ್ತಿತ್ತು. ದೂರದಿಂದಲೇ ಕಂಡಿತ್ತು. ನಮ್ಮವರು ಬ್ರೇಕು ಒತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ಹಲ್ಲು ಕಚ್ಚಿ, ಸ್ಟೇರಿಂಗ್ ಹಿಡಿದು, ಸೀಟಿನಿಂದ ಮೇಲೆದ್ದು ಒತ್ತಿದರು. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಹಿಂಡಿನೊಳಕ್ಕೆ ನುಗ್ಗಿತು. ಒಂದು ಟಗರು ಗಾಲಿಗೆ ಸಿಕ್ಕು ಸತ್ತಿತು. ಹಿಂಡಿನ ನಡುವೆ ಇದ್ದ ಕುರುಬರ ಹೆಣ್ಣುಮಗಳು ಕೂಸನ್ನು ಎದೆಗವಚಿಕೊಂಡು ಬೇಲಿಗೆ ಹಾರಿದಳು. ಒಂದು ಗೇಣು ಆಚೀಚೆ ಆಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಸಿಕೊಳ್ಳಲು ಮನಸ್ಸಾಗುವುದಿಲ್ಲ.

ಕುರುಬ ಕೋಲು ಎತ್ತಿಕೊಂಡೇ ಬಂದ. “ಕಣ್ಣ ಒಡದಾವೇನ್ಲೇ? ಹಾಡಾಹಗಲ ಕುಡದ ಬಂದಿಯೇನ?”

“ಬ್ರೇಕ ಒತ್ತೇನೋ ಯಪ್ಪಾ, ನಿಂದ್ರಲಿಲ್ಲ” ಎಂದರು ಇವರು. ಕಾಲು ಥರಥರ ನಡುಗುತ್ತಿತ್ತು. ಆ ನಡುಗುವ ಕಾಲನ್ನು ಎಲ್ಲರೂ ನೋಡಿದರು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಭಾವ ಪಡಸಾಲೆಯಲ್ಲಿ ಅತ್ತೆಯ ಎದುರು ಕೂತು ತೀರ್ಪು ಕೊಡುತ್ತಿದ್ದ. “ಹೇಳಿದ್ರ ಬ್ಯಾಸರ ಮಾಡ್ಕೋತಿಯವ್ವ. ಆದ್ರೂ ಹೇಳತೇನಿ. ತಮ್ಮನ ಕಾಲಾಗ ಬಲ ಉಳದಿಲ್ಲ. ಇವತ್ತ ಟಗರ ಹೋತು, ನಾಳೆ ಮನಷ್ಯಾ ಹೋಗತಾನ.”

“ಬ್ರೇಕ್ ಗಟ್ಟಿ ಆಗಿತ್ತಣ್ಣ” ಎಂದರು ನಮ್ಮವರು.

“ಹೌದಪಾ, ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ. ನೀ ಹಾಸಿಗಿ ಹಿಡದಾಗ ಇದ ಕಾರ ನಾ ಓಡಿಸಿಲ್ಲೇನ? ನನಗ್ಯಾಕ ನಿಂತೈತಿ?”

ಅವನು ಓಡಿಸಿದ್ದು ಎಲ್ಲಿಗೆ? ಬೆಳಗಿನ ತಂಪಿನಲ್ಲಿ ಮನೆಯಿಂದ ಅಂಗಡಿಗೆ, ಸಂಜೆಯ ತಂಪಿನಲ್ಲಿ ಅಂಗಡಿಯಿಂದ ಮನೆಗೆ. ಅದೂ ನಡೆದು ಹೋಗುವವರು ಹಿಂದೆ ಹಾಕುವ ವೇಗದಲ್ಲಿ. ಮೇಲಾಗಿ ಅವನ ದೇಹ ಎಂಥದೆಂದರೆ, ಆ ಕಾಲು ಬಿದ್ದರೆ ಬ್ರೇಕಲ್ಲ, ಗೋಡೆಯೂ ಒಳಗೆ ಹೋಗಬೇಕು. ಇದನ್ನೆಲ್ಲ ನಾನು ಅಡುಗೆಮನೆಯಲ್ಲಿ ನಿಂತು ಕಂಬಕ್ಕೆ ಹೇಳಿದೆ, ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಅತ್ತೆ ಒಳಗೆ ಬಂದು, “ಬಾಯಿ ಮುಚ್ಚ, ಗಂಡನ ಜೀವಾ ಉಳದದ್ದ ದೊಡ್ಡದು” ಎಂದು ಗದರಿಸಿದಳು.

ಆಮೇಲೆ ಎರಡು ಸಾರಿ ಇವರು ಬಬಲೇಶ್ವರಕ್ಕೆ ಹೋಗಿ ಬಂದರು. ಎರಡೂ ಸಾರಿ ಬೆಳಗ್ಗೆ ಬ್ರೇಕು ಸರಿ, ಮಧ್ಯಾಹ್ನ ಹೆಣ. ಒಮ್ಮೆ ಸಂತೆಯ ಬಾಯಿಗೆ ನಿಲ್ಲಿಸಲು ಹೋಗಿ ಗಾಡಿ ಮುಂದೆ ಸರಿದು, ಒಬ್ಬಳ ಉಳ್ಳಾಗಡ್ಡಿಯ ರಾಶಿಯೆಲ್ಲ ಚೆಲ್ಲಿತು. ಭಾವನಿಗೆ ಇಷ್ಟು ಸಾಕಾಯಿತು. “ಮುಂಜಾನೆ ಗಟ್ಟಿ ಇರ್ತಾನ, ಮಧ್ಯಾಹ್ನಕ್ಕ ಸೋತು ಬೀಳತಾನ. ಟೈಫಾಯಿಡ್ ಬಂದವರ ಲಕ್ಷಣ ಇದ” ಎಂದು ಓಣಿಗೆಲ್ಲ ಡಾಕ್ಟರನ ಹಾಗೆ ಹೇಳಿಕೊಂಡು ಬಂದ. ಕೇಳಿದವರಿಗೆಲ್ಲ ಹೌದು ಅನಿಸಿತು. ಅದೇ ನನಗೆ ಹೆಚ್ಚು ಉರಿ. ಸುಳ್ಳು ಹೇಳಿದ್ದರೆ ಬಾಯಿಗೆ ಹೊಡೆಯಬಹುದಿತ್ತು. ಅವನು ಹೇಳಿದ್ದು ಸುಳ್ಳಿನ ಹಾಗೆ ಕಾಣುತ್ತಲೇ ಇರಲಿಲ್ಲ.

ಹೊಸ ವ್ಯವಸ್ಥೆಯೂ ತಯಾರಾಯಿತು. ಭಾವನ ಹೆಂಡತಿಯ ತಮ್ಮ, ಎಲ್ಲೋ ಟ್ರಕ್ಕು ಓಡಿಸಿಕೊಂಡಿದ್ದವನು, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಬಂದು ಕಾರು ಹಿಡಿಯುವುದು. ಹಳ್ಳಿಯ ವ್ಯಾಪಾರವೆಲ್ಲ ಅವನ ಕೈಗೆ. ನಮ್ಮವರು ಮನೆಯಲ್ಲಿ ಕೂತು ‘ಆರಾಮ’ ಮಾಡುವುದು. ಮೂವತ್ತು ದಾಟದ ಗಂಡಸು ಆರಾಮ ಮಾಡುವುದು ಅಂದರೆ ಏನೆಂದು ನನಗೆ ಗೊತ್ತಿತ್ತು. ಒಮ್ಮೆ ಕೂತರೆ ಆ ಮನೆಯಲ್ಲಿ ಮತ್ತೆ ಏಳಲು ಯಾರೂ ಬಿಡುತ್ತಿರಲಿಲ್ಲ.

ಇಷ್ಟಾದರೂ ಇವರು ಜಗಳ ಆಡಲಿಲ್ಲ. ಯಾಕೆಂದು ನನಗೆ ತಿಳಿದದ್ದು ಒಂದು ಬೆಳಗ್ಗೆ. ಹಿತ್ತಲಿಗೆ ಹೋದೆ. ಇವರು ಬಚ್ಚಲ ಗೋಡೆಗೆ ಬೆನ್ನು ಕೊಟ್ಟು ನಿಂತು, ಎದುರಿನ ತೊಲೆಗೆ ಬಲಗಾಲು ಊರಿ ಒತ್ತುತ್ತಿದ್ದರು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ನನ್ನನ್ನು ನೋಡಿ ನಾಚಿಕೊಂಡರು.

“ಏನ ಮಾಡಾಕತ್ತೀರಿ?”

“ಕಾಲ ಬಲಾ ಆಗಲಿ ಅಂತ.”

“ಕಾಲಿಗೇನ ಆಗೇತ್ರಿ?”

“ಅಣ್ಣ ಅನ್ನೂದು ಖರೇನ ಇರಬೇಕು. ಒತ್ತಿದ್ರ ಹೋಗವಲ್ತು. ನನ್ನ ಕಾಲ ನನಗ ತಿಳಿಯವಲ್ತು.”

ಅಯ್ಯೋ ದೇವರೇ! ಆ ಮಾತು ಕೇಳಿ ನನಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ವ್ಯಾಪಾರ ಕಸಿದುಕೊಂಡರೆ ಕೊಳ್ಳಲಿ, ಅಂಗಡಿ ನುಂಗಿದರೆ ನುಂಗಲಿ. ಮನುಷ್ಯನಿಗೆ ತನ್ನ ಕಾಲಿನ ಮೇಲೆ ತನಗೇ ನಂಬಿಕೆ ಇಲ್ಲದ ಹಾಗೆ ಮಾಡಿಬಿಟ್ಟಿದ್ದರು. ನಾನು ಕೇಳಿದೆ, “ಇಂಜಿನ್ ಬಂದ್ ಇದ್ದಾಗ ಬ್ರೇಕ್ ಹೆಂಗಿರತೈತ್ರಿ?”

“ಗಟ್ಟಿ ಇರತೈತಿ. ಎರಡ ಮೂರ ಸಲ ಒತ್ತಿದ ಮ್ಯಾಲೆ ಕಲ್ಲ ಆಗತೈತಿ. ಹಂಗ ಒತ್ತಿ ಹಿಡದ ಇಂಜಿನ್ ಚಾಲು ಮಾಡಿದ್ರ ಪೆಡಲ್ ತಾನ ಒಂಚೂರ ಕೆಳಗ ಇಳಿಬೇಕು. ಇಳದ್ರ ಬೂಸ್ಟರ್ ಚೊಲೋ ಐತಿ ಅಂತ ಅಪ್ಪ ಹೇಳ್ತಿದ್ರು.”

“ಇಳಿತೈತೇನು?”

“ಮುಂಜಾನೆ ನೋಡೇನಿ, ಇಳಿತೈತಿ. ಅದಕ್ಕ ಅಂದೆ, ನನ್ನ ಕಾಲ ಅಂತ.”

“ಮುಂಜಾನೆ ನೋಡೀರಿ. ಮಧ್ಯಾಹ್ನ ನೋಡೀರೇನು?”

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಕಾಲು ಸೋಲುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಾದ ಮೇಲೆ ಮಧ್ಯಾಹ್ನದ ಪರೀಕ್ಷೆ ಯಾರಿಗೆ ಬೇಕು?

ಅವತ್ತು ಮೊದಲು ಬೆಳಗ್ಗೆಯೇ, ಅಂಗಳದಲ್ಲಿ, ಓಡಿಸುವವರ ಸೀಟಿನಲ್ಲಿ ನಾನು ಕೂತೆ. ಸೀರೆಯ ನಿರಿಗೆ ಎತ್ತಿ ಕಟ್ಟಿ ಪೆಡಲು ತುಳಿದೆ. ಕಲ್ಲಾಯಿತು. ತುಳಿದೇ ಹಿಡಿದೆ. ಇವರು ಕಿಟಕಿಯಿಂದ ಕೈ ಹಾಕಿ ಚಾವಿ ತಿರುಗಿಸಿದರು. ಇಂಜಿನ್ನು ಹೊತ್ತಿಕೊಂಡಿತು, ಪೆಡಲು ನನ್ನ ಪಾದದ ಕೆಳಗೆ ಮೆಲ್ಲಗೆ ಇಳಿಯಿತು. ಆಮೇಲೆ ಇವರು ಗಾಡಿಯನ್ನು ಓಣಿಗಳಲ್ಲಿ ಸುತ್ತಾಡಿಸಿ, ಮಧ್ಯಾಹ್ನದ ಬಿಸಿಲಿಗೆ ಇಂಜಿನ್ನು ಕೆಂಡವಾದ ಮೇಲೆ ತಂದು ನಿಲ್ಲಿಸಿದರು. ಮತ್ತೆ ಕೂತೆ, ಮತ್ತೆ ತುಳಿದು ಹಿಡಿದೆ. ಚಾವಿ ತಿರುಗಿತು, ಇಂಜಿನ್ನು ಗುರ್ರೆಂದಿತು. ಪೆಡಲು ಒಂದು ನೂಲೂ ಇಳಿಯಲಿಲ್ಲ. ಮೈಯೆಲ್ಲ ಬಲ ಹಾಕಿ ತುಳಿದೆ. ಇಲ್ಲ.

ನಾನು ನಿಡೋಣಿಯವಳು. ಜೋಳದ ಸೂಡು ಹೊತ್ತು ಬೆಳೆದ ಕಾಲು ಇವು. ಕೂಗಿಬಿಟ್ಟೆ. “ಬರ್ರಿ ಅತ್ತಿ, ನೋಡ್ ಬರ್ರಿ! ನನ್ನ ಕಾಲಿಗೂ ಟೈಫಾಯಿಡ್ ಬಂದೈತಿ!”

ಅತ್ತೆ ಓಡಿ ಬಂದಳು. ಬಂದು ನೋಡಿದ್ದು ಬ್ರೇಕನ್ನಲ್ಲ. “ಯವ್ವಾ, ಯವ್ವಾ! ಗಂಡಸರ ಜಾಗಾದಾಗ ಕಾಲ ಅಗಲಿಸಿ ಕುಂತಾಳ! ಓಣ್ಯಾಗಿನ ಮಂದಿ ನೋಡಾಕತ್ತಾರ, ಇಳಿ ಕೆಳಗ!”

“ಮಂದಿ ನೋಡ್ಲಿ. ನಿಮ್ಮ ಮಗನ ಕಾಲ ಸತ್ತೈತಿ ಅಂತ ಕೇಳಿದ ಮಂದೀನ ಇದನ್ನೂ ನೋಡ್ಲಿ.”

ಸಂಜೆ ಭಾವನ ಕಿವಿಗೆ ಬಿತ್ತು. ಅವನು ನನಗೆ ಕೇಳುವ ಹಾಗೆ ತಾಯಿಗೆ ಹೇಳಿದ, “ಹೆಂಗಸು ತುಳದ್ರ ಇಳಿಲಿಲ್ಲ ಅಂತ ಬ್ರೇಕ್ ಕೆಟ್ಟಂಗಾತೇನ?” ಆದರೂ ನಮ್ಮವರು ಹಟ ಹಿಡಿದದ್ದರಿಂದ, ಅವನು ಸದಾ ಕೆಲಸ ಕೊಡುತ್ತಿದ್ದ ಮಿಸ್ತ್ರಿಯನ್ನು ಮರುದಿನ ಮನೆಗೆ ಕರೆಸಿದ. ಮಿಸ್ತ್ರಿ ಬೂಸ್ಟರಿನ ಪೈಪು ಬಿಚ್ಚಿ, ಒಂದು ಬಾಯಿ ಹೆಬ್ಬೆರಳಿನಿಂದ ಮುಚ್ಚಿ, ನಮ್ಮ ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿ, ಇನ್ನೊಂದು ಬಾಯಿಂದ ಕೆನ್ನೆ ಉಬ್ಬಿಸಿ ಊದಿದ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆಯೇ. ಗುಳ್ಳೆ ಬರಲಿಲ್ಲ.

“ಪೈಪ್ ಒಂದನಂಬರ್ ಐತ್ರಿ ಸಾವಕಾರ್ರ. ಎಲ್ಲೂ ಸೋರವಲ್ತು” ಎಂದ.

ಆ ಊರಿನಲ್ಲಿ ಯಾವ ಸೋರಿಕೆ ಇದ್ದರೂ ಬಾನಿಯ ನೀರಿಗೆ ಹಾಕಿಯೇ ನೋಡುವುದು. ಗುಳ್ಳೆ ಬಂದರೆ ಸೋರಿಕೆ, ಬರದಿದ್ದರೆ ಇಲ್ಲ. ಭಾವ ನನ್ನತ್ತ ನೋಡಲಿಲ್ಲ, ಕಂಬದತ್ತ ನೋಡಿ ನಕ್ಕ. ಮಿಸ್ತ್ರಿ ಪೈಪನ್ನು ಮೊದಲಿನ ಹಾಗೆ ತಂತಿ ಬಿಗಿದು ಕೂರಿಸಿ, “ಅಕ್ಕಾರ, ನೀವು ಒಲಿ ನೋಡ್ಕೋರಿ, ಗಾಡಿ ನಾವು ನೋಡತೇವಿ” ಎಂದು ಬೀಡಿ ಹಚ್ಚಿದ.

“ನೀವು ನೋಡಿದ್ದಕ್ಕ ಟಗರ ಸತ್ತೈತಿ” ಎಂದೆ. ಅವನ ಬೀಡಿಯ ಹೊಗೆ ನೋಡುತ್ತಲೇ ನನಗೊಂದು ಹೊಳೆಯಿತು. ಸೈಕಲ್ ಟ್ಯೂಬಿನ ಗಾಳಿ ಹೊರಗೆ ಬರುತ್ತದೆ. ಈ ಪೈಪಿನ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಬರುವುದಕ್ಕೆ ಗುಳ್ಳೆ ಬೇಕು, ಒಳಗೆ ಹೋಗುವುದಕ್ಕೆ ಗುಳ್ಳೆ ಎಲ್ಲಿಂದ ಬರಬೇಕು?

ಅವರೆಲ್ಲ ಹೋದ ಮೇಲೆ ದೇವರ ಮನೆಯಿಂದ ಊದಿನಕಡ್ಡಿ ತಂದೆ. ಇವರು ಇಂಜಿನ್ನು ಚಾಲೂ ಇಟ್ಟು ನಿಂತರು. ಗಾಳಿ ಬೀಸದಿರಲೆಂದು ಸೆರಗು ಹಿಡಿದು, ಹೊಗೆಯನ್ನು ಪೈಪಿನ ಉದ್ದಕ್ಕೂ ನಿಧಾನವಾಗಿ ಒಯ್ದೆ. ಹೊಗೆ ತನ್ನ ಪಾಡಿಗೆ ಮೇಲೆ ಹೋಗುತ್ತಿತ್ತು. ಪೈಪು ಡಬ್ಬಿಗೆ ಸೇರುವ ಕೀಲಿಗೆ ಬಂದಾಗ ಸಟ್ಟನೆ ಬಾಗಿ, ತಂತಿಯ ಸಂದಿನೊಳಗೆ ಹೊಕ್ಕು ಮಾಯವಾಯಿತು. ಕಡ್ಡಿ ಹಿಂದೆ ತೆಗೆದೆ, ಮತ್ತೆ ಒಯ್ದೆ. ಮತ್ತೆ ಒಳಗೆ. ಕಿವಿ ಹಚ್ಚಿದರೆ ಸಣ್ಣಗೆ ಸುಸ್ಸೆನ್ನುವ ಸಪ್ಪಳವೂ ಇತ್ತು.

“ಸಿಕ್ತು!” ಎಂದು ಇವರ ಕೈ ಹಿಡಿದುಕೊಂಡೆ. ಪೈಪು ಆ ಮೂತಿಗೆ ದೊಡ್ಡದಾಗಿತ್ತು. ಬಿಚ್ಚಿದ ಪೈಪನ್ನು ಬಾನಿಯಲ್ಲಿ ಊದಿದರೆ ಈ ಕೀಲಿನ ಸೋರಿಕೆ ಕಾಣುವುದಾದರೂ ಹೇಗೆ? ತಂತಿ ಎಷ್ಟು ಬಿಗಿದರೂ ಒಂದು ಕಡೆ ಮಡಿಕೆ ಬಿದ್ದು ಗಾಳಿ ನುಗ್ಗುತ್ತಿತ್ತು. ಇವರು ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ, ಮೂತಿಗೆ ಸುತ್ತಿ, ಅದರ ಮೇಲೆ ಪೈಪು ತುರುಕಿ ಹೊಸ ತಂತಿ ಹಾಕಿ ಬಿಗಿದರು. ಹೊಗೆ ಈಗ ಬಾಗಲಿಲ್ಲ. ಸಪ್ಪಳ ನಿಂತಿತು. ಕುಂಟುತ್ತಿದ್ದ ಇಂಜಿನ್ನಿನ ನಡೆಯೂ ಸರಿಹೋಯಿತು. ನಾವಿಬ್ಬರೂ ಗೆದ್ದೆವು ಅಂದುಕೊಂಡೆವು.

ಎಲ್ಲಿಯ ಗೆಲುವು? ಮಧ್ಯಾಹ್ನ ಇಂಜಿನ್ನು ಕಾಯಿಸಿ ನೋಡಿದರೆ ಪೆಡಲು ಮೊದಲಿಗಿಂತ ಗಟ್ಟಿ. ಇವರು ಸೀಟಿನಲ್ಲಿ ಹಾಗೇ ಕುಸಿದು ಕೂತರು. “ಸೋರೂದು ನಿಂತೈತಿ, ಆದ್ರೂ ಹಿಂಗ ಅಂದ್ರ ಇನ್ನ ನನ್ನ ಕಾಲ...” ಎಂದು ಶುರುಮಾಡಿದರು. ನಾನು “ಆ ಮಾತ ಇನ್ನೊಮ್ಮೆ ಬಂದ್ರ ನೋಡ್ರಿ!” ಎಂದು ಬೈದು, ಬಾನೆಟ್ಟಿನೊಳಗೆ ತಲೆ ಹಾಕಿದೆ. ಇಂಜಿನ್ನು ಓಡುತ್ತಲೇ ಇತ್ತು. ಆಗ ಕಂಡೆ. ಪೈಪು ನಡುಮಧ್ಯ ಚಪ್ಪಟೆಯಾಗಿ, ಒಳಗಿನ ಎರಡೂ ಮೈ ಅಂಟಿಕೊಂಡು, ಒಣಗಿದ ಬದನೆಕಾಯಿಯಂತೆ ಬತ್ತಿಹೋಗಿತ್ತು. ಇಂಜಿನ್ನು ಬಂದ್ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಪೈಪು ಮೆಲ್ಲಗೆ ಉಬ್ಬಿ ದುಂಡಗಾಯಿತು. ಮುಟ್ಟಿ ನೋಡಿದರೆ ಬಿಸಿಗೆ ರೊಟ್ಟಿಯ ಹಿಟ್ಟಿನಷ್ಟು ಮೆತ್ತಗಾಗಿತ್ತು. ಬೆಳಗಿನ ತಂಪಿನಲ್ಲಿ ಅದೇ ಪೈಪು ಬಿರುಸಾಗಿ ದುಂಡಗೆ ನಿಲ್ಲುತ್ತಿತ್ತು. ಬಿಸಿಲೇರಿದ ಮೇಲೆ ಇಂಜಿನ್ನು ಎಳೆದರೆ ಕತ್ತು ಹಿಸುಕಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಸೋರಿಕೆ ನಿಲ್ಲಿಸಿದ್ದರಿಂದ ಎಳೆತ ಹೆಚ್ಚಾಗಿ ಇನ್ನಷ್ಟು ಬೇಗ ಮುಚ್ಚಿತ್ತು.

ಇವರು ಇಳಿದು ಬಂದು ನೋಡಿದರು.  ಆಮೇಲೆ ಪೈಪನ್ನು ಎರಡು ಬೆರಳಿನಲ್ಲಿ ಒತ್ತಿ, “ಇದು ನಮ್ಮ ಅಂಗಡಿದ” ಎಂದರು.

ಹೌದು, ನಮ್ಮ ಅಂಗಡಿಯದೇ. ನೀರೆತ್ತುವ ಇಂಜಿನ್ನು ಕಾಯದಿರಲೆಂದು ಅದಕ್ಕೆ ತಂಪು ನೀರು ಬಿಡುವ ಸಪೂರ ಪೈಪಿನ ತುಂಡು. ಅದು ನೀರನ್ನು ನೂಕುವುದಕ್ಕೆ ಮಾಡಿದ್ದು, ಎಳೆಯುವುದಕ್ಕಲ್ಲ. ಮಿಸ್ತ್ರಿಯನ್ನು ಕರೆದು ಕೇಳಿದರೆ ತಲೆ ಕೆರೆದುಕೊಂಡು ಹೇಳಿಬಿಟ್ಟ. ಇವರು ಜ್ವರದಲ್ಲಿ ಮಲಗಿದ್ದಾಗ ಹಳೆಯ ಪೈಪು ಬಿರಿದಿತ್ತಂತೆ. ಭಾವ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತುಂಡು ಎತ್ತಿ ಕೊಟ್ಟು, “ಇದ ಸಾಕು, ಹಾಕು” ಅಂದನಂತೆ. ಮಿಸ್ತ್ರಿ ಬಾನಿಯಲ್ಲಿ ಊದಿ ನೋಡಿ ಹಾಕಿದನಂತೆ.

ಎಳೆಯುವ ಕಡೆ ಮೆತ್ತನೆಯ ಪೈಪು ಹಾಕಬಾರದು, ಎಳೆತಕ್ಕೆ ಚಪ್ಪಟೆಯಾಗುತ್ತದೆ. ಇದನ್ನು ಆ ಅಂಗಡಿಯ ಗಾದಿಯ ಮೇಲೆ ಕೂತು ಪ್ರತಿಯೊಬ್ಬ ರೈತನಿಗೂ ಹೇಳುತ್ತಿದ್ದವನು ಅವನೇ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ಬಿದ್ದದ್ದು ಅವನಾಗಿದ್ದರೆ ನಗುತ್ತಿದ್ದೆ. ತಾನು ದಂಡೆಯ ಮೇಲೆ ಕೂತು ನನ್ನ ಗಂಡನನ್ನು ಬೀಳಿಸಿದ್ದ.

ನಾನು ಪೈಪು ಕಿತ್ತುಕೊಂಡು ನೇರ ಅಂಗಡಿಗೆ ನಡೆದೆ. ಇವರು ಹಿಂದೆ ಹಿಂದೆ “ಬ್ಯಾಡ ಬಾ, ಮನ್ಯಾಗ ಮಾತಾಡೂಣು” ಎನ್ನುತ್ತ ಬಂದರು. ಮನೆಯಲ್ಲಿ ಮಾತಾಡಿದರೆ ಕಂಬಕ್ಕೆ ಮಾತ್ರ ಕೇಳುತ್ತದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನ ಪುಣ್ಯಕ್ಕೆ ನಿಡೋಣಿಯ ಒಬ್ಬ ಹಿರಿಯರು, ನಮ್ಮಪ್ಪನ ಬಳಗದವರು, ಜಗಲಿಯ ಮೇಲೆ ಕೂತಿದ್ದರು. ಭಾವನ ಎದುರು ಮಾತಾಡಬಾರದು ತಾನೇ? ಸರಿ. ಸೆರಗು ಸರಿಯಾಗಿ ಹೊದ್ದು, ಆ ಹಿರಿಯರ ಕಡೆ ತಿರುಗಿದೆ.

“ಕಾಕಾ, ಈ ಸಾವಕಾರ್ರನ್ನ ಕೇಳ್ರಿ, ಬಾವಿ ನೀರ ಎಳಿಯೂ ಕಡೆ ಇಂಥಾ ಮೆತ್ತನ್ನ ಪೈಪ್ ಹಾಕಿದ್ರ ನಡಿತೈತೇನ ಅಂತ.”

ಕಾಕಾ ಏನೂ ಅರಿಯದೆ ಕೇಳಿದರು. ಭಾವ ಲೆಕ್ಕದಿಂದ ತಲೆ ಎತ್ತಿ, ನಾನು ಯಾಕೆ ಬಂದೆನೆಂದು ಯೋಚಿಸುವ ಮೊದಲೇ, ವರ್ಷಗಳ ರೂಢಿಯಿಂದ ಗಟ್ಟಿಯಾಗಿ ಹೇಳಿಬಿಟ್ಟ. “ಏ, ಹೆಂಗ ನಡಿತೈತ್ರಿ? ಎಳತಕ್ಕ ಚಪ್ಪಟಿ ಆಗತೈತಿ. ಅದನ್ನ ಹಾಕಿದಂವ ಹುಚ್ಚ ಇರಬೇಕು.”

“ಹಂಗಂದ್ರ ಕಾಕಾ, ನಮ್ಮ ಕಾರಿನ ಬ್ರೇಕಿಗಿ ಈ ತುಂಡ ಕೊಟ್ಟಂವ ಯಾರು ಅಂತ ಕೇಳ್ರಿ. ಇದ ಚಪ್ಪಟಿ ಆಗಿ ಬ್ರೇಕ್ ಹತ್ತಲಿಲ್ಲ. ಹತ್ತಲಿಲ್ಲ ಅಂದದ್ದಕ್ಕ ತಮ್ಮನ ಕಾಲ ಸತ್ತೈತಿ ಅಂತ ಊರಾಗ ಡಂಗುರಾ ಹೊಡದಾರ. ಅದನ್ನೂ ಕೇಳ್ರಿ.”

 ಭಾವನ ಮುಖ ಕಪ್ಪಿಟ್ಟಿತು. ಕಾಕಾ ಬಿಸಿಲಿಗೆ ಮೆತ್ತಗಾಗಿದ್ದ ಪೈಪು ಇಸಿದುಕೊಂಡು, ಒಂದು ತುದಿ ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ಬಾಯಿಗೆ ಹಚ್ಚಿ ಎಳೆದು ನೋಡಿ, “ಖರೇನಪಾ, ಇದು ಅಂಟಿಕೊಳ್ಳತೈತಿ” ಎಂದರು. ತಪ್ಪಾಯಿತೆಂದು ಭಾವ ನನಗೂ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ. ಮಿಸ್ತ್ರಿಯ ವಂಶವನ್ನೆಲ್ಲ ಬೈದ. ಆದರೆ ಸೊಲ್ಲಾಪುರದಿಂದ ಸರಿಯಾದ ಪೈಪು ತರಿಸುವುದಕ್ಕೆ ಇಲ್ಲ ಅನ್ನಲು ಅವನಿಗೆ ಆಗಲಿಲ್ಲ. ಅಷ್ಟು ಜನ ಕೇಳಿಸಿಕೊಂಡಿದ್ದರು.

ಬಂದದ್ದು ದಪ್ಪ ಗೋಡೆಯ, ಒಳಗೆ ನೂಲು ಹೆಣೆದ ಪೈಪು. ಮೂತಿಗೆ ಅಳತೆಗೆ ಸರಿಯಾಗಿ ಕೂತಿತು. ಹಾಕಿದ ದಿನ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗಲೇ, “ಬರ್ರಿ, ಈಗ ನೋಡೂಣು” ಎಂದೆ. ಭಾವ ತಾನೇ ಪರೀಕ್ಷೆ ಮಾಡುವವನಂತೆ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. ಅತ್ತೆ ಮತ್ತು ನಾನು ಹಿಂದೆ. ಇವರು ಊರು ಸುತ್ತಿ, ಇಂಜಿನ್ನು ಚೆನ್ನಾಗಿ ಕಾಯ್ದ ಮೇಲೆ ಸೊಲ್ಲಾಪುರ ರಸ್ತೆಗೆ ಬಂದರು. ಭಾವ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. “ಪೈಪ್ ಒಂದ ಕಾರಣ ಅಲ್ಲವ್ವ. ಕಾಲೂ ಸೋತಿತ್ತು. ಒಪ್ಪಗೋಬೇಕು. ನನ್ನ ಹೆಂಡ್ತಿ ತಮ್ಮ ಹೆಂಗೂ ಬರಾಕತ್ತಾನ, ಒಂದ ವರ್ಷ ಅಂವ ಓಡಸ್ಲಿ...”

ನಮ್ಮ ಅಂಗಡಿ ಇನ್ನೂ ಒಂದಿಷ್ಟು ಮುಂದಿತ್ತು. ಅಡ್ಡ ಯಾರೂ ಇರಲಿಲ್ಲ. ನಾಯಿಯೂ ಇರಲಿಲ್ಲ. ಇವರು ಬ್ರೇಕು ಒತ್ತಿದರು.

ಕಾರು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ನಾನೂ ಅತ್ತೆಯೂ ಮುಂದಿನ ಸೀಟಿಗೆ ಅಪ್ಪಳಿಸಿದೆವು. ಭಾವನ ಹಣೆ ಎದುರಿನ ಗಾಜಿಗೆ ಧಡ್ಡೆಂದು ಬಡಿಯಿತು. ಅಕ್ಕಪಕ್ಕದ ಅಂಗಡಿಯವರು ಓಡಿ ಬಂದರು. ಭಾವ ಬಾಗಿಲು ತೆಗೆದು, ಹಣೆ ಹಿಡಿದುಕೊಂಡು ಇಳಿದ. ಅಷ್ಟು ಜನರ ಮುಂದೆ ಏನಾದರೂ ಹೇಳಲೇಬೇಕಲ್ಲ. ನಗುಮುಖ ಮಾಡಿ, “ಏನಿಲ್ರಿ, ಏನಿಲ್ಲ. ನಮ್ಮ ತಮ್ಮಗ ಕಾಲಾಗ ಬಲ ಬಂದೈತ್ರಿ, ಅದನ್ನ ತೋರ್ಸಾಕತ್ತಾನ” ಎಂದ.

ಆವರೆಗೆ ನಾಲ್ಕು ಜನರ ಮುಂದೆ ಅಣ್ಣನಿಗೆ ಎದುರು ಮಾತು ಆಡಿದ್ದನ್ನು ನಾನು ಕಂಡಿರದ ಮನುಷ್ಯ, ಸ್ಟೇರಿಂಗ್ ಹಿಡಿದೇ, ದನಿ ಏರಿಸದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಬಲ ಬಂದಿಲ್ಲಣ್ಣ. ಹೋಗೇ ಇರ್ಲಿಲ್ಲ.”

ಭಾವನ ನಗು ಅಲ್ಲೇ ಸತ್ತಿತು. ಅತ್ತೆ ಹಿಂದಿನಿಂದ, “ಹತ್ತಪಾ, ಹತ್ತು, ಹಣಿಗಿ ಅರಿಷಿಣ ಹಚ್ಚತೇನಿ ಮನಿಗಿ ಹೋಗಿ” ಎಂದು ಕರೆದಳು. ಇವರೂ ಬಾಗಿಲು ತೆರೆದಿಟ್ಟು ಕಾದರು. ಅವನು ಹತ್ತಲಿಲ್ಲ. ಆ ಬಿಸಿಲಿನಲ್ಲಿ, ಅಂಗಡಿ ಅಂಗಡಿಯವರೂ ನೋಡುತ್ತಿರುವಾಗ, ಹಣೆಯ ಮೇಲೆ ಏಳುತ್ತಿದ್ದ ಬುಗುಟನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಡೆದೇ ಹೋದ. ನಮ್ಮವರು ಬಾಗಿಲು ಎಳೆದುಕೊಂಡು, ಗೇರ್ ಹಾಕಿ, ಅವನ ಪಕ್ಕದಿಂದಲೇ ಗಾಡಿ ಮುಂದೆ ಒಯ್ದರು. ನಾನು ತಿರುಗಿ ನೋಡಿದೆ, ಕಣ್ಣಿಗೆ ಕಾಣುವವರೆಗೂ ನೋಡಿದೆ. ಒಂಚೂರೂ ಕನಿಕರ ಬರಲಿಲ್ಲ. ಈಗ ಅವನಿಲ್ಲ, ಈಗಲೂ ಬರುವುದಿಲ್ಲ.